ಒಂದೇ ಪೆಟ್ಟಿಗೆಗೆ ಕಟ್ಟಿದ ಆಟಗಳು

ಹಳೇಬೀಡಿನಲ್ಲಿ ಜಲಪಾತ ಇಲ್ಲ. ಅಲ್ಲಿರುವುದು ಕೆರೆ, ತೆಂಗಿನ ತೋಟ, ಮುಸುಕಿನ ಜೋಳದ ಹೊಲ, ಡಿಸೆಂಬರ್ ಬಂದರೆ ಸಾಲುಗಟ್ಟಿ ನಿಲ್ಲುವ ಶಾಲಾ ಪ್ರವಾಸದ ಬಸ್ಸುಗಳು. ಆದರೆ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಕೂತು ನಾಟಿ ಡಾಗ್ ಎಂಬ ವಿಡಿಯೊ ಗೇಮ್ ಸ್ಟುಡಿಯೊದವರು ಕಟ್ಟಿದ ಹೊಯ್ಸಳ ನಾಡಿನಲ್ಲಿ ಎತ್ತ ತಿರುಗಿದರೂ ಜಲಪಾತ. 2017ರ ಆಗಸ್ಟ್‌ನಲ್ಲಿ ಸೋನಿ ಕಂಪನಿಯ ಗೇಮ್ ಪೆಟ್ಟಿಗೆ (ಕನ್ಸೋಲ್) ಪ್ಲೇಸ್ಟೇಷನ್ 4ಕ್ಕೆ ಬಂದ ‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಆಟದ ಮಾತಿದು. ಕ್ಲೋಯಿ ಫ್ರೇಜರ್, ನಡೀನ್ ರಾಸ್ ಎಂಬ ಇಬ್ಬರು ಹೆಂಗಸರು ಗಣೇಶನ ದಂತ ಹುಡುಕಿಕೊಂಡು ಪಶ್ಚಿಮ ಘಟ್ಟದ ಕೆಸರಿನಲ್ಲಿ ಜೀಪು ಓಡಿಸುತ್ತಾರೆ. ಹಳೇಬೀಡು, ಬೇಲೂರು ಎರಡೂ ಹೆಸರು ಕತೆಯಲ್ಲಿ ಬರುತ್ತವೆ. ಹಾಸನದಲ್ಲಿ ಬಸ್ಸು ಹತ್ತಿ ಒಂದು ಗಂಟೆಯಲ್ಲಿ ಬೇಲೂರಿನಲ್ಲಿ ಇಳಿಯುವ ನಮಗೆ ನಗು ಬರುತ್ತದೆ. ಆಟದೊಳಗೆ ಅದು ಕಾಡಿನಲ್ಲಿ ಕಳೆದುಹೋದ ಊರು.

ಇತಿಹಾಸದ ತಕರಾರು ಬೇಕಾದಷ್ಟಿದೆ, ಅದು ಬೇರೆಯದೇ ಬರಹ. ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಆಟ ಕಾಣುವ ರೀತಿ. ಜೀಪಿನ ಚಕ್ರ ಹಾದ ಕಡೆ ಕೆಸರು ಅಚ್ಚು ಹಿಡಿಯುತ್ತದೆ. ಕಲ್ಲಿನ ಸಂದಿಯ ಪಾಚಿಯ ಮೇಲೆ ಬಿಸಿಲು ಬಿದ್ದರೆ ಒಂದು ಬಣ್ಣ, ನೆರಳಾದರೆ ಇನ್ನೊಂದು. ಸೊಂಟದ ತನಕ ನೀರಿಗಿಳಿದು ಹತ್ತಿದರೆ ಸೊಂಟದ ತನಕ ಮಾತ್ರ ಬಟ್ಟೆ ಒದ್ದೆ.

ಇದನ್ನೆಲ್ಲ ತೋರಿಸುತ್ತಿದ್ದ ಯಂತ್ರ ಯಾವುದು? 2013ರಲ್ಲಿ ಮಾರುಕಟ್ಟೆಗೆ ಬಂದ ಪೆಟ್ಟಿಗೆ. ಅದರೊಳಗಿದ್ದ ಎಂಟು ‘ಜಾಗ್ವಾರ್’ ಪ್ರೊಸೆಸರ್ ಕೋರ್‌ಗಳು ಎಎಮ್‌ಡಿ ಕಂಪನಿ ಅಗ್ಗದ ಲ್ಯಾಪ್‌ಟಾಪು, ಟ್ಯಾಬ್ಲೆಟ್ಟುಗಳಿಗೆ ಹಾಕುತ್ತಿದ್ದ ಜಾತಿಯವು. 2017ರ ಹೊತ್ತಿಗೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಬಿಡಿಭಾಗ ತಂದು ಜೋಡಿಸಿದ ಸಾಧಾರಣ ಗೇಮಿಂಗ್ ಪಿಸಿಯೂ ಲೆಕ್ಕದ ಪ್ರಕಾರ ಅದನ್ನು ಹಿಂದೆ ಹಾಕುತ್ತಿತ್ತು. ಆದರೂ ಆ ಪಿಸಿಯಲ್ಲಿ ಓಡುವ ಬಹಳಷ್ಟು ಆಟ ಇಷ್ಟು ಚಂದ ಕಾಣುತ್ತಿರಲಿಲ್ಲ.

ಯಾಕೆ ಅನ್ನುವುದನ್ನು ತುಂಬಾ ದಿನದಿಂದ ಯೋಚಿಸುತ್ತಿದ್ದೇನೆ. ನನಗೆ ಸಿಕ್ಕ ಉತ್ತರ ಇಷ್ಟು: ಗ್ರಾಫಿಕ್ಸ್‌ನಲ್ಲಿ ಮುಕ್ಕಾಲು ಪಾಲು ‘ಎಲ್ಲಿ ಕೆಲಸ ಉಳಿಸಬಹುದು’ ಅನ್ನುವ ತೀರ್ಮಾನ. ಒಂದೇ ಯಂತ್ರಕ್ಕೆ ಕಟ್ಟುವವರು ಆ ತೀರ್ಮಾನವನ್ನು ಧೈರ್ಯವಾಗಿ ಮಾಡಬಹುದು. ಉಳಿದ ಕಾಲು ಪಾಲು ದುಡ್ಡು ಮತ್ತು ಸಮಯ. ಇತ್ತೀಚೆಗೆ ಈ ಕಾಲು ಪಾಲು ಊದಿಕೊಳ್ಳುತ್ತಿದೆ, ಆ ಕತೆಗೆ ಆಮೇಲೆ ಬರುತ್ತೇನೆ.

ಇದೇ ನಾಟಿ ಡಾಗ್‌ನವರ ಹಳೆಯ ಆಟ ನೋಡಿ. 1996ರಲ್ಲಿ ಮೊದಲ ಪ್ಲೇಸ್ಟೇಷನ್‌ಗೆ ‘ಕ್ರ್ಯಾಶ್ ಬ್ಯಾಂಡಿಕೂಟ್’ ಮಾಡಿದರು. ಆ ಪೆಟ್ಟಿಗೆಯ ಮುಖ್ಯ ಮೆಮೊರಿ 2 ಎಂಬಿ, ಚಿತ್ರಕ್ಕೆಂದು ಇನ್ನೊಂದು 1 ಎಂಬಿ. ಈಗ ವಾಟ್ಸಾಪ್‌ನಲ್ಲಿ ಬರುವ ಒಂದು ಶುಭೋದಯದ ಫೋಟೊ ಅದರಲ್ಲಿ ಹಿಡಿಸಿದರೆ ಪುಣ್ಯ. ಯಾವ ವಸ್ತು ಮುಂದಿದೆ, ಯಾವುದು ಹಿಂದಿದೆ ಎಂದು ತಾನಾಗಿ ಲೆಕ್ಕ ಇಟ್ಟುಕೊಳ್ಳುವ ವ್ಯವಸ್ಥೆಯೂ ಆ ಚಿಪ್‌ನಲ್ಲಿರಲಿಲ್ಲ. ಆಟ ಮಾಡುವವರೇ ಆ ವಿಂಗಡಣೆ ಮಾಡಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಸಮಯ ಹಿಡಿದರೆ ಆಟ ತಡವರಿಸುತ್ತದೆ.

ಸ್ಟುಡಿಯೊ ಕಟ್ಟಿದ ಆಂಡಿ ಗ್ಯಾವಿನ್ ಮತ್ತು ಜೇಸನ್ ರೂಬಿನ್ ಇದಕ್ಕೆ ಕಂಡುಕೊಂಡ ದಾರಿ ನನಗೆ ಈಗಲೂ ಖುಷಿ ಕೊಡುತ್ತದೆ. ಆಟಗಾರ ಕ್ಯಾಮೆರಾ ತಿರುಗಿಸುವ ಹಾಗಿಲ್ಲ ಎಂದುಬಿಟ್ಟರು. ಕ್ಯಾಮೆರಾ ಹಳಿಯ ಮೇಲೆ ಹೋದ ಹಾಗೆ ಆಟದ ನಾಯಕ ಕ್ರ್ಯಾಶ್‌ನ ಬೆನ್ನ ಹಿಂದೆ ಹೋಗುತ್ತದೆ. ಹಾಗಾದರೆ ಹಾದಿಯ ಯಾವ ಜಾಗದಲ್ಲಿ ನಿಂತರೆ ಯಾವ ಮರ, ಯಾವ ಕಲ್ಲು ಕಾಣುತ್ತದೆ ಎಂಬುದು ಮೊದಲೇ ಗೊತ್ತಿರುತ್ತದೆ ಅಲ್ವಾ? ಆ ಲೆಕ್ಕವನ್ನು ಆಫೀಸಿನ ದುಬಾರಿ ಸಿಲಿಕಾನ್ ಗ್ರಾಫಿಕ್ಸ್ ಕಂಪ್ಯೂಟರುಗಳಲ್ಲಿ ಮುಂಚೆಯೇ ಮಾಡಿಸಿ, ಬಂದ ಪಟ್ಟಿಯನ್ನು ಸಿ.ಡಿ.ಗೆ ಹಾಕಿದರು. ಮನೆಯ ಪ್ಲೇಸ್ಟೇಷನ್ ಆ ಪಟ್ಟಿ ಓದಿ ಚಿತ್ರ ಬರೆದರೆ ಸಾಕು. ಕ್ರ್ಯಾಶ್‌ನ ಮೈಯದ್ದೂ ಅದೇ ಉಳಿತಾಯ. ಆಟದ ಆಕಾರಗಳೆಲ್ಲ ಪಾಲಿಗನ್ ಎಂಬ ಚಪ್ಪಟೆ ತುಂಡುಗಳ, ಹೆಚ್ಚಾಗಿ ತ್ರಿಕೋನಗಳ, ಜೋಡಣೆ. ಆ ಯಂತ್ರ ಬರೀ ಬಣ್ಣ ಹಚ್ಚಿದ ತ್ರಿಕೋನಗಳನ್ನು ಚಿತ್ರ ಅಂಟಿಸಿದ ತ್ರಿಕೋನಗಳಿಗಿಂತ ಬೇಗ ಬರೆಯುತ್ತಿತ್ತು. ಹಾಗಾಗಿ 512 ಪಾಲಿಗನ್‌ಗಳ ಆ ಪ್ರಾಣಿಗೆ ಮೈಮೇಲಿನ ಚುಕ್ಕೆಗೆ ಮತ್ತು ಶೂ ಲೇಸಿಗೆ ಮಾತ್ರ ಟೆಕ್ಸ್ಚರ್, ಅಂದರೆ ಅಂಟಿಸಿದ ಚಿತ್ರ. ಉಳಿದದ್ದೆಲ್ಲ ಬರೀ ಬಣ್ಣ. ಟಿವಿಯ ಮುಂದೆ ಕೂತವರಿಗೆ ಅದು ಕಾರ್ಟೂನು ನೋಡಿದ ಹಾಗೆ ನುಣ್ಣಗೆ ಕಂಡಿತು.

ಇದೆಲ್ಲ ಆಗಿದ್ದು ಎದುರಿಗೆ ಇದ್ದದ್ದು ಒಂದೇ ಯಂತ್ರ ಎನ್ನುವ ಕಾರಣಕ್ಕೆ. ಶಿರಾಡಿ ಘಾಟಿಯಲ್ಲಿ ಒಂದೇ ಬಸ್ಸನ್ನು ವರ್ಷಗಟ್ಟಲೆ ಓಡಿಸಿದ ಡ್ರೈವರಿಗೆ ಯಾವ ತಿರುವಿನಲ್ಲಿ ಯಾವ ಗೇರಿಗೆ ಅದು ಕೊಸರಾಡುತ್ತದೆ ಎಂಬುದು ಕೈಗೆ ಗೊತ್ತಿರುತ್ತದೆ, ಹಾಗೆ.

ಈ ಕೈಗುಣದ ಬೆಲೆ ನಿಜವಾಗಿ ಗೊತ್ತಾಗಿದ್ದು ಪ್ಲೇಸ್ಟೇಷನ್ 3ರ ಕಾಲದಲ್ಲಿ. 2006ರ ನವೆಂಬರ್‌ನಲ್ಲಿ ಬಂದ ಆ ಪೆಟ್ಟಿಗೆಯೊಳಗೆ ‘ಸೆಲ್’ ಎಂಬ ವಿಚಿತ್ರ ಪ್ರೊಸೆಸರ್ ಇತ್ತು. ಮಾಮೂಲಿ ಕೋರ್ ಒಂದೇ ಒಂದು. ಅದರ ಸುತ್ತ ಎಸ್‌ಪಿಯು ಎಂದು ಕರೆಯುವ ಪುಟ್ಟ ಲೆಕ್ಕದ ಯಂತ್ರಗಳು, ಆಟದವರ ಕೈಗೆ ಸಿಗುತ್ತಿದ್ದದ್ದು ಆರು. ಒಂದೊಂದಕ್ಕೂ ತನ್ನದೇ 256 ಕೆಬಿ ಮೆಮೊರಿ, ಅಷ್ಟರಲ್ಲೇ ಪ್ರೋಗ್ರಾಮೂ ಡೇಟಾವೂ ಹಿಡಿಯಬೇಕು. ಮುಖ್ಯ ಮೆಮೊರಿಯೂ ಎರಡು ಹೋಳು: ಇತ್ತ 256 ಎಂಬಿ, ಗ್ರಾಫಿಕ್ಸ್ ಚಿಪ್ ಕಡೆ 256 ಎಂಬಿ. ಪ್ರತಿಸ್ಪರ್ಧಿ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360ರಲ್ಲಿ ಅಷ್ಟೇ 512 ಎಂಬಿ ಒಂದೇ ಗುಡ್ಡೆಯಾಗಿತ್ತು, ಯಾರಿಗೆ ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳಬಹುದಿತ್ತು.

ಎರಡೂ ಕಡೆಗೆ ಆಟ ಮಾಡುವ ಕಂಪನಿಗಳು ಏನು ಮಾಡುತ್ತವೆ? ಸುಲಭದ ಯಂತ್ರಕ್ಕೆ ಮೊದಲು ಮಾಡಿ, ಕಷ್ಟದ ಯಂತ್ರಕ್ಕೆ ಆಮೇಲೆ ಹೇಗೋ ತುರುಕುತ್ತವೆ. 2010ರ ಹೊತ್ತಿಗೆ ‘ಬಯೊನೆಟ್ಟಾ’ ಪಿಎಸ್3ನಲ್ಲಿ ಮುಗ್ಗರಿಸಿತು, ಎಕ್ಸ್‌ಬಾಕ್ಸ್‌ನಲ್ಲಿ ಸಲೀಸಾಗಿ ಓಡಿತು. 2011ರ ‘ಸ್ಕೈರಿಮ್’ ಪಿಎಸ್3ನಲ್ಲಿ ಆಡುತ್ತಾ ಹೋದ ಹಾಗೆ, ಸೇವ್ ಫೈಲ್ ಬೆಳೆದ ಹಾಗೆ, ಎಮ್ಮೆಯ ನಡಿಗೆ ಹಿಡಿಯಿತು. ಪಿಎಸ್3 ಅಂದರೆ ಸುಮ್ನೆ ದುಬಾರಿ ಡಬ್ಬ ಎಂದು ಆಗ ಎಲ್ಲರೂ ಬೈಯುತ್ತಿದ್ದರು. ಬೈಯುವುದರಲ್ಲಿ ತಪ್ಪೂ ಇರಲಿಲ್ಲ.

ಆದರೆ ಅದೇ ಡಬ್ಬದಲ್ಲಿ 2009ರಲ್ಲಿ ನಾಟಿ ಡಾಗ್‌ನವರ ‘ಅನ್‌ಚಾರ್ಟೆಡ್ 2’ ಬಂತು. ಅದರಲ್ಲೊಂದು ರೈಲಿನ ಭಾಗ ಇದೆ. ಆಟಗಳಲ್ಲಿ ರೈಲು ಅಂದರೆ ಸಾಮಾನ್ಯವಾಗಿ ಬೋಗಿ ನಿಂತೇ ಇರುತ್ತದೆ, ಹಿಂದಿನ ಪರದೆ ಓಡುತ್ತದೆ. ಇಲ್ಲಿ ರೈಲು ನಿಜಕ್ಕೂ ಹಳಿಯ ಮೇಲೆ ಹೋಗುತ್ತದೆ, ತಿರುವಿನಲ್ಲಿ ಬಾಗುತ್ತದೆ, ನಾಯಕ ಅದರ ಮೇಲೆ ಓಡುತ್ತಾನೆ, ನೇತಾಡುತ್ತಾನೆ, ಗುಂಡು ಹಾರಿಸುತ್ತಾನೆ. ಓಡುತ್ತಿರುವ ನೆಲದ ಮೇಲೆ ನಿಂತವನ ಲೆಕ್ಕ ಇಡುವುದು ಸಣ್ಣ ಕೆಲಸ ಅಲ್ಲ. 2010ರಲ್ಲಿ ‘ಗಾಡ್ ಆಫ್ ವಾರ್ 3’ ಬಂದಾಗ, ಚಿತ್ರದ ಅಂಚುಗಳ ಗರಗಸದಂಥ ಹಲ್ಲು ಅಳಿಸುವ ಕೆಲಸವನ್ನು ಗ್ರಾಫಿಕ್ಸ್ ಚಿಪ್‌ನಿಂದ ಎತ್ತಿ ಎಸ್‌ಪಿಯುಗಳಿಗೆ ಕೊಟ್ಟಿದ್ದರು. ಅದಕ್ಕೆ ಬಳಸಿದ ಉಪಾಯದ ಮೂಲ ಪ್ರಬಂಧ ಇಂಟೆಲ್‌ನಿಂದ ಹೊರಬಂದದ್ದು ಅದಕ್ಕಿಂತ ಒಂದೇ ವರ್ಷ ಹಿಂದೆ. ಹೊಸ ಉಪಾಯ ಓದಿದ ತಕ್ಷಣ ‘ಇದು ನಮ್ಮ ಯಂತ್ರದ ಖಾಲಿ ಮೂಲೆಗೆ ಸರಿಹೊಂದುತ್ತದೆ’ ಎಂದು ಹೊಳೆಯಬೇಕಾದರೆ, ಆ ಯಂತ್ರದಲ್ಲಿ ಖಾಲಿ ಮೂಲೆ ಎಲ್ಲಿದೆ ಅಂತ ಗೊತ್ತಿರಬೇಕು.

ನಾಟಿ ಡಾಗ್ ಆ ಹೊತ್ತಿಗೆ ಸೋನಿಯದೇ ಸ್ಟುಡಿಯೊ. ಸೋನಿ ಇಲ್ಲೊಂದು ಜಾಣತನ ಮಾಡಿತ್ತು. ನಾಟಿ ಡಾಗ್‌ನೊಳಗೇ ‘ಐಸ್ ಟೀಮ್’ ಎಂಬ ಸಣ್ಣ ಗುಂಪು ಇಟ್ಟು, ಯಂತ್ರದ ಒಳಗುಟ್ಟು ಬಿಡಿಸುವುದೇ ಅವರ ಕೆಲಸ ಎಂದಿತು. ಅವರು ಕಲಿತದ್ದು ಸೋನಿಯ ಬೇರೆ ಸ್ಟುಡಿಯೊಗಳಿಗೂ ಹೋಗುತ್ತಿತ್ತು. 2007ರಿಂದ ‘ಎಡ್ಜ್’ ಎಂಬ ಹೆಸರಿನಲ್ಲಿ ಹೊರಗಿನ ಕಂಪನಿಗಳಿಗೂ ಅದರಲ್ಲೊಂದಿಷ್ಟು ಸಿಕ್ಕಿತು. ತೆರೆಯಲ್ಲಿ ಕಾಣದ ತ್ರಿಕೋನಗಳನ್ನು ಗ್ರಾಫಿಕ್ಸ್ ಚಿಪ್‌ಗೆ ಹೋಗುವ ಮೊದಲೇ ಎಸ್‌ಪಿಯುಗಳಲ್ಲಿ ಜರಡಿ ಹಿಡಿದು ಬಿಸಾಕುವುದು ಅದರ ಒಂದು ಕೆಲಸ. ಒಂದೇ ಪೆಟ್ಟಿಗೆಗೆ ಆಟ ಮಾಡುವ ಎಕ್ಸ್‌ಕ್ಲೂಸಿವ್ ಸ್ಟುಡಿಯೊ ಅಂದರೆ ಬೇಲಿ ಹಾಕಿಕೊಂಡು ಕೂರುವವರು ಎಂದು ಬೈಯುವವರಿಗೆ ಈ ಭಾಗ ಗೊತ್ತಿರುವುದಿಲ್ಲ.

ಪಿಎಸ್3ರ ಕೊನೆಗಾಲದಲ್ಲಿ, 2013ರಲ್ಲಿ, ನಾಟಿ ಡಾಗ್‌ನವರ ‘ದಿ ಲಾಸ್ಟ್ ಆಫ್ ಅಸ್’ ಬಂತು. ಏಳು ವರ್ಷ ಹಳೆಯ ಯಂತ್ರ. ಆ ಆಟದಲ್ಲಿ ಪಾಳುಬಿದ್ದ ಮನೆಯೊಂದಕ್ಕೆ ಹೊಕ್ಕರೆ, ಕಿಟಕಿಯಿಂದ ಬಂದ ಬೆಳಕು ನೆಲಕ್ಕೆ ಬಡಿದು, ಅಲ್ಲಿಂದ ಗೋಡೆಗೆ ಹಾರಿ, ಮೂಲೆಗೆ ಹೋಗುತ್ತಾ ಮಂಕಾಗುತ್ತದೆ. ನಿಜವಾದ ಬೆಳಕು ನಡೆದುಕೊಳ್ಳುವುದೇ ಹಾಗೆ. ಆದರೆ ಪಿಎಸ್3 ಇದನ್ನು ಲೆಕ್ಕ ಹಾಕುತ್ತಿರಲಿಲ್ಲ, ಅದಕ್ಕೆ ಆ ತಾಕತ್ತೇ ಇಲ್ಲ. ಸ್ಟುಡಿಯೊದ ಕಂಪ್ಯೂಟರುಗಳು ಗಂಟೆಗಟ್ಟಲೆ ಕೂತು ಮೊದಲೇ ಲೆಕ್ಕ ಹಾಕಿ, ಬೆಳಕನ್ನು ಗೋಡೆಗೆ ಬಣ್ಣದ ಹಾಗೆ ಅಂಟಿಸಿಬಿಟ್ಟಿದ್ದವು. ಇದಕ್ಕೆ ಬೆಳಕನ್ನು ‘ಬೇಕ್’ ಮಾಡುವುದು ಅಂತಾರೆ.

ಬೇಕ್ ಮಾಡಿದ ಬೆಳಕಿಗೆ ಒಂದು ತೊಂದರೆ ಇದೆ. ಗೋಡೆ, ಮೇಜು ಅಲ್ಲಾಡುವುದಿಲ್ಲ, ಅವಕ್ಕೆ ನೆರಳು ಮೊದಲೇ ಬರೆದಿಡಬಹುದು. ಆದರೆ ಆಟದ ಪಾತ್ರಗಳಾದ ಜೋಯೆಲ್ ಮತ್ತು ಎಲೀ ಓಡಾಡುವವರು. ನೇರ ಬಿಸಿಲಿಲ್ಲದ ಕೋಣೆಯಲ್ಲಿ ಅವರಿಗೆ ನೆರಳೇ ಬೀಳದೆ, ನೆಲದಿಂದ ಒಂದಿಂಚು ಮೇಲೆ ತೇಲುತ್ತಿರುವ ಹಾಗೆ ಕಾಣುತ್ತಾರೆ. ಹಳೆಯ ಆಟಗಳಲ್ಲಿ ಇದನ್ನು ನೀವೂ ನೋಡಿರುತ್ತೀರಿ. ಇವರು ಮಾಡಿದ ಉಪಾಯ ಇದು: ಪಾತ್ರದ ಕೈ, ಕಾಲು, ಮುಂಡ ಎಲ್ಲದರ ಬದಲು ಕ್ಯಾಪ್ಸೂಲ್ ಮಾತ್ರೆಯ ಆಕಾರದ ಕೆಲವು ತುಂಡುಗಳಿವೆ ಎಂದುಕೊಳ್ಳುವುದು. ಆ ಜಾಗದಲ್ಲಿ ಬೆಳಕು ಹೆಚ್ಚಾಗಿ ಯಾವ ಕಡೆಯಿಂದ ಬರುತ್ತಿದೆ ಎಂಬುದನ್ನು ಬೇಕ್ ಮಾಡುವಾಗಲೇ ಬರೆದಿಟ್ಟುಕೊಳ್ಳುವುದು. ಆ ಕಡೆಯ ಬೆಳಕನ್ನು ಕ್ಯಾಪ್ಸೂಲ್‌ಗಳು ಎಷ್ಟು ತಡೆಯುತ್ತವೆ ಎಂದು ಲೆಕ್ಕ ಹಾಕುವುದು. ಗೋಡೆಗೆ ಒರಗಿದರೆ ಗೋಡೆಯ ಮೇಲೆ ಒಂದು ಮೆತ್ತನೆಯ, ಅಂಚಿಲ್ಲದ ನೆರಳು ಮೂಡುತ್ತದೆ. ಆಟ ಆಡುವಾಗ ಅದು ನಿಮ್ಮ ಗಮನಕ್ಕೇ ಬರುವುದಿಲ್ಲ. ಮನುಷ್ಯರು ಆ ಕೋಣೆಯಲ್ಲೇ ಇದ್ದಾರೆ ಅಂತ ಅನ್ನಿಸುತ್ತದೆ, ಅಷ್ಟೇ.

ಇಲ್ಲಿ ಗಮನಿಸಬೇಕಾದ್ದು ಆಟದ ಸ್ವರೂಪ. ಬೆಳಕನ್ನು ಬೇಕ್ ಮಾಡಬೇಕಾದರೆ ಹೊತ್ತು ಬದಲಾಗಬಾರದು. ಈ ಕೋಣೆಗೆ ಆಟಗಾರ ಬರುವುದು ಮಧ್ಯಾಹ್ನವೇ ಎಂದು ಕತೆಗಾರ ತೀರ್ಮಾನಿಸಿರಬೇಕು. ಒಂದು ಹಾದಿ, ಒಂದು ಹೊತ್ತು, ಒಂದು ಕತೆ. ಬೆಳಗು–ರಾತ್ರಿ ತಿರುಗುವ, ಎಲ್ಲಿ ಬೇಕಾದರೂ ಹೋಗಬಹುದಾದ ಆಟಕ್ಕೆ ಈ ಸವಲತ್ತು ಇಷ್ಟು ಸಲೀಸಾಗಿ ಸಿಗುವುದಿಲ್ಲ. ‘ಇದರ ಗ್ರಾಫಿಕ್ಸ್ ಅದಕ್ಕಿಂತ ಚೆನ್ನಾಗಿದೆ’ ಎಂದು ಎರಡು ಆಟ ಪಕ್ಕಪಕ್ಕ ಇಟ್ಟು ಜಗಳ ಆಡುವವರು ಇದನ್ನು ಮರೆಯುತ್ತಾರೆ. ನಿಂಟೆಂಡೊದವರು 2017ರಲ್ಲಿ ‘ಬ್ರೆತ್ ಆಫ್ ದಿ ವೈಲ್ಡ್’ ಮಾಡಿದಾಗ, ಹೊತ್ತು ತಿರುಗುವ ದೊಡ್ಡ ಬಯಲು, ತಮ್ಮದೇ ಕಡಿಮೆ ಶಕ್ತಿಯ ವೀ ಯು ಮತ್ತು ಸ್ವಿಚ್ ಯಂತ್ರಗಳು, ಎರಡೂ ಒಟ್ಟಿಗೆ ಬೇಕಾಗಿತ್ತು. ಅವರು ಎಲೆ ಎಲೆಯನ್ನೂ ನಿಜ ಮಾಡಲು ಹೋಗಲಿಲ್ಲ, ಜಲವರ್ಣದ ಚಿತ್ರದಂಥ ಶೈಲಿ ಹಿಡಿದರು. ಅದೂ ಯಂತ್ರ ನೋಡಿಕೊಂಡು ಮಾಡಿದ ತೀರ್ಮಾನವೇ.

ಇನ್ನು ನಮ್ಮ ಬೇಲೂರಿಗೆ. ಲಾಸ್ಟ್ ಲೆಗಸಿಯ ಹೊಯ್ಸಳರ ಕಟ್ಟಡಗಳು ದೈತ್ಯ. ಬೆಟ್ಟದೆತ್ತರದ ಮೂರ್ತಿಗಳು, ಅಗಲವಾದ ಗೋಡೆಗಳು. ನಿಜವಾದ ಹೊಯ್ಸಳರ ಕೆಲಸ ಇದಕ್ಕೆ ಉಲ್ಟಾ. ಚೆನ್ನಕೇಶವ ದೇವಸ್ಥಾನ ದೂರದಿಂದ ನೋಡಿದರೆ ಕುಳ್ಳು. ಹತ್ತಿರ ಹೋಗಿ ಮದನಿಕೆಯ ತಲೆಯ ಮೇಲಿನ ಬಳ್ಳಿಯ ಚಪ್ಪರ ನೋಡಿದರೆ, ಬಳಪದ ಕಲ್ಲನ್ನು ಹಿಂದಿನಿಂದಲೂ ಕೊರೆದು, ಗಾಳಿ ಆಡುವಷ್ಟು ಸಂದಿ ಬಿಟ್ಟಿದ್ದಾರೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುವ ಕಲ್ಲು ಅದು, ಹಾಗಾಗಿ ಸಾಧ್ಯವಾಯಿತು.

ಆಟ ಮಾಡುವವರಿಗೆ ಅಂಥ ಕೆತ್ತನೆ ದೊಡ್ಡ ತಲೆನೋವು. ಗೋಡೆಯ ಮೇಲಿನ ಉಬ್ಬು ಕೆತ್ತನೆ ತೋರಿಸಲು ಅವರ ಹತ್ತಿರ ‘ನಾರ್ಮಲ್ ಮ್ಯಾಪ್’ ಎಂಬ ಕಣ್ಕಟ್ಟು ಇದೆ. ಗೋಡೆ ಚಪ್ಪಟೆಯಾಗಿಯೇ ಇರುತ್ತದೆ. ಅದರ ಮೇಲೊಂದು ಚಿತ್ರ ಅಂಟಿಸಿ, ಬೆಳಕು ಬಿದ್ದಾಗ ಉಬ್ಬುತಗ್ಗು ಇದ್ದಂತೆ ನಟಿಸು ಎಂದು ಹೇಳಿರುತ್ತಾರೆ. ಎದುರಿಗೆ ನಿಂತರೆ ಮೋಸ ಗೊತ್ತಾಗುವುದಿಲ್ಲ. ಪಕ್ಕಕ್ಕೆ ಹೋಗಿ ಅಂಚಿನಿಂದ ನೋಡಿದರೆ ನೇರ ಗೆರೆ ಕಾಣುತ್ತದೆ. ಹಿಂದಿನಿಂದ ಕೊರೆದ ಬಳ್ಳಿಗೆ ಈ ಆಟ ನಡೆಯುವುದಿಲ್ಲ, ಸಂದಿಯಲ್ಲಿ ಆಕಾಶ ಕಾಣಬೇಕಲ್ಲ! ಒಂದೊಂದು ಎಲೆಗೂ ನಿಜವಾದ ತ್ರಿಕೋನಗಳೇ ಬೇಕು. ಒಂದು ಮದನಿಕೆಗೆ ಹಿಡಿಯುವ ಲೆಕ್ಕದಲ್ಲಿ ಒಂದು ಬೆಟ್ಟವೇ ಕಟ್ಟಬಹುದು. ನನ್ನ ಅಂದಾಜಿನಲ್ಲಿ, ಆಟದೊಳಗಿನ ಹೊಯ್ಸಳರು ಅಷ್ಟು ದೊಡ್ಡದಾಗಿ, ಅಷ್ಟು ಒರಟಾಗಿ ಕಟ್ಟಿದ್ದಕ್ಕೆ ಸಿನಿಮೀಯ ಆಸೆ ಎಷ್ಟು ಕಾರಣವೋ ಪಿಎಸ್4ರ ಶಕ್ತಿಯ ಮಿತಿಯೂ ಅಷ್ಟೇ ಕಾರಣ. ಕೋಟ್ಯಂತರ ತ್ರಿಕೋನಗಳನ್ನು ತಾನೇ ಅಳೆದು ತೂಗಿ ತೋರಿಸುವ ಎಂಜಿನ್‌ಗಳು ಈಗ ಬಂದಿವೆ. ಬೇಲೂರನ್ನು ಯಾರಾದರೂ ಸರಿಯಾಗಿ ಕಟ್ಟಿ ತೋರಿಸುವುದಾದರೆ ಈಗ ತೋರಿಸಬಹುದು.

ಮೆಮೊರಿ, ತ್ರಿಕೋನ ಎಂದೆಲ್ಲ ಹೇಳಿ ಡಿಸ್ಕನ್ನು ಬಿಟ್ಟರೆ ಆಗದು. 2018ರ ‘ಸ್ಪೈಡರ್‌ಮ್ಯಾನ್’ ಆಟದಲ್ಲಿ ನಾಯಕ ನ್ಯೂಯಾರ್ಕಿನ ಮೇಲೆ ಹಾರುವ ವೇಗಕ್ಕೆ ಪಿಎಸ್4ರ ನಿಧಾನದ ಹಾರ್ಡ್ ಡಿಸ್ಕ್ ಊರನ್ನು ಓದಿ ಕೊಡಬೇಕಿತ್ತು. ಡಿಸ್ಕಿನ ಮುಳ್ಳು ಅಲ್ಲಿ ಇಲ್ಲಿ ಹುಡುಕುತ್ತಾ ಕೂತರೆ ಕೆಟ್ಟಿತು. ಅದಕ್ಕೆ ಇನ್ಸೊಮ್ನಿಯಾಕ್ ಸ್ಟುಡಿಯೊದವರು ಬೀದಿಯ ಮಾಮೂಲಿ ಸಾಮಾನುಗಳ ಡೇಟಾವನ್ನು ಬೇಕಾದ ಕಡೆಗೆಲ್ಲ ನಕಲು ಮಾಡಿ ಇಟ್ಟರು, ಕೆಲವಂತೂ 400 ಸಲ. ಇದನ್ನು 2020ರ ಮಾರ್ಚ್‌ನಲ್ಲಿ ಪಿಎಸ್5ರ ವಿವರ ಕೊಡುವಾಗ ಹೇಳಿದ್ದು ಅದರ ವಿನ್ಯಾಸಕ ಮಾರ್ಕ್ ಸೆರ್ನಿ. ಕ್ರ್ಯಾಶ್ ಬ್ಯಾಂಡಿಕೂಟ್ ಕಾಲದಲ್ಲಿ ನಾಟಿ ಡಾಗ್‌ನವರ ಜೊತೆಗಿದ್ದದ್ದೂ ಇದೇ ಸೆರ್ನಿ. ಆಗ ಸಿ.ಡಿ.ಯಿಂದ 64 ಕೆಬಿಯ ತುಂಡುಗಳಾಗಿ ಕಾಡನ್ನು ಓದಿಸುತ್ತಿದ್ದರು. ಪಿಎಸ್5ರಲ್ಲಿ ಆ ಮನುಷ್ಯ ಹಾರ್ಡ್ ಡಿಸ್ಕಿನ ಬದಲು ಸೆಕೆಂಡಿಗೆ 5.5 ಜಿಬಿ ಓದುವ, ತಿರುಗುವ ತಟ್ಟೆಯಿಲ್ಲದ ಎಸ್‌ಎಸ್‌ಡಿ ಹಾಕಿಸಿದ್ದರಲ್ಲಿ ಆಶ್ಚರ್ಯ ಏನಿದೆ? ಪಿಎಸ್4ಕ್ಕೆ ಬಂದ 2018ರ ‘ಗಾಡ್ ಆಫ್ ವಾರ್’ನಲ್ಲಿ ನಾಯಕ ಕ್ರೇಟಸ್ ಬಂಡೆ ಸಂದಿಯಲ್ಲಿ ಮೈ ತೂರಿಸಿಕೊಂಡು ನಿಧಾನಕ್ಕೆ ಹೋಗುವ ದೃಶ್ಯಗಳಿವೆಯಲ್ಲ, ಆ ಹೊತ್ತಿನಲ್ಲಿ ಡಿಸ್ಕ್ ಮುಂದಿನ ಜಾಗವನ್ನು ಓದಿಕೊಳ್ಳುತ್ತಿರುತ್ತದೆ.

ಹೀಗಿದ್ದರೂ ಜಾಹೀರಾತನ್ನು ಪೂರ್ತಿ ನಂಬಬೇಡಿ. 2021ರಲ್ಲಿ ‘ರ‍್ಯಾಚೆಟ್ ಆ್ಯಂಡ್ ಕ್ಲ್ಯಾಂಕ್: ರಿಫ್ಟ್ ಅಪಾರ್ಟ್’ ಬಂದಾಗ ಈ ಎಸ್‌ಎಸ್‌ಡಿ ಇಲ್ಲದಿದ್ದರೆ ಆಟವೇ ಇಲ್ಲ ಎಂಬ ಹಾಗೆ ಮಾತಾಡಿದರು. 2023ರಲ್ಲಿ ಪಿಸಿಗೆ ಬಂದಾಗ ಜನ ಅದನ್ನು ಹಳೇ ಹಾರ್ಡ್ ಡಿಸ್ಕಿನಲ್ಲೂ ಹಾಕಿ ನೋಡಿದರು. ಆಟದ ಒಂದು ಲೋಕದಿಂದ ಇನ್ನೊಂದಕ್ಕೆ ಹಾರುವಾಗ ತಡವರಿಸಿತು, ಆದರೆ ಓಡಿತು.

ದುಡ್ಡಿನ ಮಾತಿಗೆ ಬರುತ್ತೇನೆ ಎಂದಿದ್ದೆ. ಪಿಎಸ್4 ಬಂದಾಗಿನಿಂದ ಪೆಟ್ಟಿಗೆಯೊಳಗೆ ಪಿಸಿಯ ಬಿಡಿಭಾಗಗಳೇ ಇವೆ. ಎಕ್ಸ್‌ಬಾಕ್ಸ್‌ನಲ್ಲೂ ಅದೇ ಎಎಮ್‌ಡಿ, ಇಲ್ಲೂ ಅದೇ ಎಎಮ್‌ಡಿ. ಸೆಲ್ ಪ್ರೊಸೆಸರಿನಂಥ ಒಗಟು ಯಾವುದೂ ಉಳಿದಿಲ್ಲ. ಒಂದೇ ಯಂತ್ರ ಬಲ್ಲವರಿಗೆ ಇದ್ದ ಅನುಕೂಲ ಅರ್ಧಕ್ಕರ್ಧ ಕರಗಿತು. ಆದರೂ ಸೋನಿಯ ಸ್ವಂತ ಸ್ಟುಡಿಯೊಗಳ ಆಟ ಎದ್ದು ಕಾಣುತ್ತವೆ, ಯಾಕೆಂದರೆ ಅವರಿಗೆ ಸಿಗುವ ಸಮಯ ಬೇರೆಯವರಿಗೆ ಸಿಗುವುದಿಲ್ಲ. ಪೆಟ್ಟಿಗೆ ಮಾರುವವನಿಗೆ ಅಂಗಡಿಯೂ ಅವನದೇ. ಬೇರೆಯವರ ಆಟ ಆ ಅಂಗಡಿಯಲ್ಲಿ ಮಾರಿದರೂ ಸುಮಾರು ಶೇ 30 ಪಾಲು ಅವನಿಗೆ. ಹಾಗಾಗಿ ಜನರನ್ನು ಆ ಪೆಟ್ಟಿಗೆಗೆ ಎಳೆದು ತರುವ ಒಂದು ಆಟ ತಾನೇ ನೇರವಾಗಿ ಲಾಭ ತರಬೇಕೆಂಬ ಅವಸರ ಅಷ್ಟಿಲ್ಲ. ಇನ್ನೊಂದು ವರ್ಷ ತಗೊಳ್ಳಿ ಎನ್ನಬಹುದು.

ಎಷ್ಟು ಖರ್ಚು ಅನ್ನುವುದು ಕಂಪನಿಗಳ ಗುಟ್ಟು. ಅದು ಹೊರಬಿದ್ದ ರೀತಿ ತಮಾಷೆಯಾಗಿದೆ. 2023ರ ಜೂನ್‌ನಲ್ಲಿ ಮೈಕ್ರೋಸಾಫ್ಟ್ ಮೇಲಿನ ಮೊಕದ್ದಮೆಯಲ್ಲಿ ಸೋನಿಯ ದಾಖಲೆಗಳು ಅಮೆರಿಕದ ಕೋರ್ಟಿಗೆ ಹೋದವು. ಗುಟ್ಟಿನ ಅಂಕಿಗಳನ್ನು ಕಪ್ಪು ಮಾರ್ಕರ್ ಪೆನ್ನಿನಲ್ಲಿ ಅಡ್ಡಗೀಟು ಹಾಕಿ ಸ್ಕ್ಯಾನ್ ಮಾಡಿದ್ದರು. ಸ್ಕ್ಯಾನಿನಲ್ಲಿ ಮಸಿಯ ಅಡಿಯ ಅಕ್ಷರ ಕಾಣುತ್ತಿತ್ತು! ‘ದಿ ಲಾಸ್ಟ್ ಆಫ್ ಅಸ್ ಭಾಗ 2’ಕ್ಕೆ 22 ಕೋಟಿ ಡಾಲರ್, ಆಗಿನ ದರದಲ್ಲಿ ಸುಮಾರು 1,800 ಕೋಟಿ ರೂಪಾಯಿ. ಕೆಲಸ ಜೋರಾಗಿದ್ದಾಗ ಸುಮಾರು 200 ಜನ. ಆಮ್‌ಸ್ಟರ್‌ಡ್ಯಾಮಿನ ಗೆರಿಲ್ಲಾ ಸ್ಟುಡಿಯೊ ಮಾಡಿದ ‘ಹೊರೈಜನ್ ಫರ್ಬಿಡನ್ ವೆಸ್ಟ್’ಗೆ 21 ಕೋಟಿ 20 ಲಕ್ಷ ಡಾಲರ್, 300 ಜನ, ಐದು ವರ್ಷ. ಸಾವಿರಾರು ಜನ ದುಡಿಯುವ ದೊಡ್ಡ ಸಿನಿಮಾ ಕೂಡ ಇಷ್ಟು ಕಾಲ ಹಿಡಿಯುವುದು ಅಪರೂಪ.

ಆ ದುಡ್ಡು ಎಲ್ಲಿಗೆ ಹೋಗುತ್ತದೆ? ಮುಖ್ಯವಾಗಿ ಸಂಬಳಕ್ಕೆ. ಜಪಾನಿನ ಪಾಲಿಫೊನಿ ಸ್ಟುಡಿಯೊ 2010ರಲ್ಲಿ ‘ಗ್ರ್ಯಾನ್ ಟುರಿಸ್ಮೊ 5’ ಬಿಟ್ಟಾಗ ಇದು ಎಲ್ಲರ ಕಣ್ಣಿಗೂ ಕಂಡಿತು. ಸಾವಿರಕ್ಕೂ ಜಾಸ್ತಿ ಕಾರುಗಳು. ಅದರಲ್ಲಿ ಸುಮಾರು 200ಕ್ಕೆ ಮಾತ್ರ ‘ಪ್ರೀಮಿಯಂ’ ಎಂಬ ಪಟ್ಟ: ಬಾಗಿಲ ಹಿಡಿಯಿಂದ ಒಳಗಿನ ಡ್ಯಾಶ್‌ಬೋರ್ಡ್ ತನಕ ಎಲ್ಲ ಹೊಸದಾಗಿ ಕಟ್ಟಿದ್ದು. ಉಳಿದವು ಹಿಂದಿನ ಯಂತ್ರದ ಕಾಲದ ಮಾದರಿಗಳಿಗೇ ಬಣ್ಣ ಬಳಿದವು. ಅದೇ ಪಿಎಸ್3, ಅದೇ ಎಂಜಿನ್, ಅದೇ ರಸ್ತೆ. ಪಕ್ಕಪಕ್ಕ ನಿಲ್ಲಿಸಿದರೆ ಒಂದು ಕಾರು ಶೋರೂಮಿನದು, ಇನ್ನೊಂದು ಆಟಿಕೆ ಅಂಗಡಿಯದು. ನಡುವಿನ ವ್ಯತ್ಯಾಸ ಅಷ್ಟೂ ಕೈಕೆಲಸದ ಗಂಟೆಗಳದ್ದು.

ಈ ಕಾರು ಕಟ್ಟುವ ಕೆಲಸದಲ್ಲಿ ಬೆಂಗಳೂರಿನ ಪಾಲೂ ಇದೆ. 1997ರಲ್ಲಿ ರಾಜೇಶ್ ರಾವ್ ಇಲ್ಲಿ ಶುರು ಮಾಡಿದ ಧ್ರುವ ಇಂಟರ್‌ಆ್ಯಕ್ಟಿವ್, ಮೈಕ್ರೋಸಾಫ್ಟ್‌ನ ‘ಫೋರ್ಜಾ’ ಸರಣಿಗೆ ಕಾರುಗಳನ್ನು ಮಾಡಿಕೊಟ್ಟಿತು. ಎಕ್ಸ್‌ಬಾಕ್ಸ್‌ನ ಹೆಮ್ಮೆ ಎಂದು ಜಗತ್ತಿಡೀ ತೋರಿಸುತ್ತಿದ್ದ ಆಟ ಅದು. 2019ರಲ್ಲಿ ರಾಕ್‌ಸ್ಟಾರ್ ಕಂಪನಿ ಧ್ರುವವನ್ನು ಕೊಂಡಿತು. ಇಂಥ ಕೆಲಸದಲ್ಲಿರುವ ಪರಿಚಯದವರೊಬ್ಬರು ಹೇಳುತ್ತಾರೆ: ಸ್ಟೀರಿಂಗಿನ ಚರ್ಮದ ಹೊಲಿಗೆ ತೋರಿಸುವ ಫೋಟೊ ಬಂದಿರುತ್ತದೆ, ಹೊಲಿಗೆಯ ದಾರ ಎತ್ತ ವಾಲಿದೆ ಎಂಬುದಕ್ಕೂ ತಿದ್ದುಪಡಿ ಬರುತ್ತದೆ. ಹತ್ತಿರಕ್ಕೆ ಒಂದು, ಸ್ವಲ್ಪ ದೂರಕ್ಕೆ ಒಂದು, ತೀರಾ ದೂರಕ್ಕೆ ಇನ್ನೊಂದು ಎಂದು ಒಂದೇ ಕಾರನ್ನು ಹಲವು ಸಲ, ಒಂದಕ್ಕಿಂತ ಒಂದು ಸರಳವಾಗಿ ಕಟ್ಟಬೇಕು. ಆಟ ಆಡುವವನಿಗೆ ಒಂದು ಹೋಗಿ ಇನ್ನೊಂದು ಬಂದದ್ದು ಗೊತ್ತಾಗಬಾರದು. ಗೊತ್ತಾಯಿತೋ, ಮತ್ತೆ ತಿದ್ದುಪಡಿ.

ಗಂಟೆಗಳ ಲೆಕ್ಕಕ್ಕೆ ಕಹಿ ಮುಖವೂ ಇದೆ. ನಾಟಿ ಡಾಗ್‌ನಲ್ಲಿ ಆಟ ಮುಗಿಸುವ ಕಾಲಕ್ಕೆ ರಾತ್ರಿ ಹಗಲೆನ್ನದೆ ದುಡಿಯುವ ‘ಕ್ರಂಚ್’ ಬಗ್ಗೆ 2020ರಲ್ಲಿ ದೊಡ್ಡ ವರದಿ ಬಂತು. 2016ರ ‘ಅನ್‌ಚಾರ್ಟೆಡ್ 4’ರ ಕ್ರೆಡಿಟ್ಸ್‌ನಲ್ಲಿ ಹೆಸರಿದ್ದ, ಮುಖ್ಯಸ್ಥರಲ್ಲದ 20 ಡಿಸೈನರ್‌ಗಳಲ್ಲಿ 14 ಮಂದಿ ಅಷ್ಟರೊಳಗೆ ಸ್ಟುಡಿಯೊ ಬಿಟ್ಟಿದ್ದರು ಎಂದು ಅದರಲ್ಲಿತ್ತು. ಮೇಲೆ ಹೇಳಿದ ಕೈಗುಣ ಯಂತ್ರದಲ್ಲಿ ಇರುವುದಿಲ್ಲ, ಜನರಲ್ಲಿ ಇರುತ್ತದೆ. ಅವರು ಎದ್ದು ಹೋದರೆ ಅದೂ ಹೋಗುತ್ತದೆ. 2024ರ ಫೆಬ್ರವರಿಯಲ್ಲಿ ಸೋನಿಯೇ ಸುಮಾರು 900 ಜನರನ್ನು ತೆಗೆಯುವುದಾಗಿ ಹೇಳಿತು. ನಾಟಿ ಡಾಗ್, ಇನ್ಸೊಮ್ನಿಯಾಕ್, ಗೆರಿಲ್ಲಾ ಮೂರೂ ಆ ಪಟ್ಟಿಯಲ್ಲಿದ್ದವು. ಜಾಸ್ತಿ ದುಡ್ಡು ತಂದ ಸ್ಟುಡಿಯೊಗಳೇ ಇವು. ನನಗಂತೂ ಇದರ ತರ್ಕ ಅರ್ಥವಾಗಿಲ್ಲ. ಮುಂದಿನ ಆಟಕ್ಕೆ ಕ್ಯಾಪ್ಸೂಲ್ ನೆರಳಿನಂಥ ಉಪಾಯ ಹೊಳೆಯಬೇಕಾದ ತಲೆ ಆ 900ರಲ್ಲಿ ಇರಲಿಲ್ಲ ಎಂದು ಹೇಳುವವರು ಯಾರು?

ಇಷ್ಟು ಖರ್ಚಾದ ಮೇಲೆ ಒಂದೇ ಪೆಟ್ಟಿಗೆಯಲ್ಲಿ ಮಾರಿ ಪೂರೈಸುವುದಿಲ್ಲ. ‘ಹೊರೈಜನ್ ಝೀರೋ ಡಾನ್’ 2020ರಲ್ಲಿ ಪಿಸಿಗೆ ಬಂತು, ಲಾಸ್ಟ್ ಲೆಗಸಿ 2022ರಲ್ಲಿ. ಮೈಕ್ರೋಸಾಫ್ಟ್ ಇನ್ನೂ ಮುಂದೆ ಹೋಗಿ ‘ಫೋರ್ಜಾ ಹೊರೈಜನ್ 5’ನ್ನು 2025ರಲ್ಲಿ ಪಿಎಸ್5ಗೇ ಕೊಟ್ಟಿತು. ಹತ್ತು ವರ್ಷದ ಹಿಂದೆ ಇದನ್ನು ಹೇಳಿದ್ದರೆ ಎರಡೂ ಕಡೆಯ ಅಭಿಮಾನಿಗಳು ಹೊಡೆಯಲು ಬರುತ್ತಿದ್ದರು. ಆಡುವವರಿಗೆ ಇದು ಒಳ್ಳೆಯದೇ. ಕಟ್ಟುವವರಿಗೆ ಮಾತ್ರ ಹಳೆಯ ನೆಮ್ಮದಿ ಇಲ್ಲ. 2023ರ ಮಾರ್ಚ್‌ನಲ್ಲಿ ‘ದಿ ಲಾಸ್ಟ್ ಆಫ್ ಅಸ್ ಭಾಗ 1’ ಪಿಸಿಗೆ ಬಂದಾಗ ಆಟ ಶುರುವಾಗುವ ಮೊದಲು, ಬಣ್ಣ ಬೆಳಕು ಹೇಗೆ ಬರೆಯಬೇಕೆಂದು ಗ್ರಾಫಿಕ್ಸ್ ಚಿಪ್‌ಗೆ ಹೇಳುವ ಶೇಡರ್ ಎಂಬ ಪುಟ್ಟ ಪ್ರೋಗ್ರಾಮುಗಳು ಸಿದ್ಧವಾಗುವುದನ್ನೇ ಕಾಯುತ್ತಾ ಜನ ಕೂತರು. 8 ಜಿಬಿಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಗೋಡೆಯ ಟೆಕ್ಸ್ಚರ್ ಮಸುಕು ಮಸುಕು. ಆಮೇಲೆ ಪ್ಯಾಚ್ ಮೇಲೆ ಪ್ಯಾಚ್ ಹಾಕಿ ಸರಿಮಾಡಿದರು. ಕನ್ಸೋಲ್‌ನಲ್ಲಿ ಶೇಡರ್‌ಗಳನ್ನು ಮೊದಲೇ ಸಿದ್ಧ ಮಾಡಿ ಡಿಸ್ಕಿಗೇ ಹಾಕಬಹುದು, ಯಾಕೆಂದರೆ ಚಿಪ್ ಯಾವುದೆಂದು ಗೊತ್ತಿದೆ. ಪಿಸಿಯಲ್ಲಿ ಯಾರ ಮನೆಯಲ್ಲಿ ಯಾವ ಕಾರ್ಡು ಇದೆಯೋ!

ಹೋದ ದೀಪಾವಳಿಗೆ ಅಕ್ಕನ ಮಗ ಮೊಬೈಲಿನಲ್ಲಿ ಎರಡು ಪೆಟ್ಟಿಗೆಗಳ ಅಂಕಿಅಂಶ ತೆರೆದುಕೊಂಡು ಬಂದ. “ಮಾವ, ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 12 ಟೆರಾಫ್ಲಾಪ್ಸ್, ಪಿಎಸ್5 ಬರೀ 10.28. ಎಕ್ಸ್‌ಬಾಕ್ಸೇ ತಾನೆ ಜಾಸ್ತಿ ಚೆನ್ನಾಗಿ ಕಾಣೋದು?” ಟೆರಾಫ್ಲಾಪ್ಸ್ ಅಂದರೆ ಚಿಪ್ ಸೆಕೆಂಡಿಗೆ ಎಷ್ಟು ಲಕ್ಷ ಕೋಟಿ ಲೆಕ್ಕ ಮಾಡುತ್ತದೆ ಎಂಬ ಅಳತೆ. ಎರಡಕ್ಕೂ ಬಂದ ಆಟಗಳನ್ನು ಇಷ್ಟು ವರ್ಷ ಪಕ್ಕಪಕ್ಕ ಇಟ್ಟು ನೋಡಿದವರಿಗೇ ವ್ಯತ್ಯಾಸ ಹೇಳಲು ಭೂತಗನ್ನಡಿ ಬೇಕಾಗಿದೆ ಎಂದೆ. ಅವನಿಗೆ ಸಮಾಧಾನವಾಗಲಿಲ್ಲ.

“ಮತ್ತೆ ಯಾವ್ದು ತಗೊಳ್ಳಿ?”

“ನೀನು ಏನು ಆಡ್ತೀಯ ಹೇಳು. ಆ ಆಟನ ಯಾವ ಪೆಟ್ಟಿಗೆ ಎದುರಿಗೆ ಇಟ್ಕೊಂಡು ಮಾಡಿದಾರೋ ಅದನ್ನ ತಗೋ.”

ಅವನು ಸ್ವಲ್ಪ ಯೋಚಿಸಿದ. “ಫುಟ್ಬಾಲು. ಆಮೇಲೆ ಕ್ರಿಕೆಟ್ಟು.”

“ಹಾಗಾದ್ರೆ ಯಾವುದಕ್ಕೆ ಆಫರ್ ಇದೆಯೋ ಅದು ತಗೊಳ್ಳೋ.”